ಮನೆಯಲ್ಲಿ ಇಟ್ಟಿದ್ದ ನರ್ಸ್

ಅರ್ಜಿ ಬರೆಯುವುದರಲ್ಲಿ ಗಂಡ ಎತ್ತಿದ ಕೈ. ವಿಮಾ ಕಚೇರಿಯ ಗುಮಾಸ್ತ, ಅಲ್ಲೇ ಕೂತು ಕೂದಲು ಬೆಳ್ಳಗಾಗಿಸಿಕೊಂಡವನು. ನಲ್ಲಿಯಲ್ಲಿ ನೀರು ಬರದಿದ್ದರೂ, ಬೀದಿ ದೀಪ ಕೆಟ್ಟರೂ, ಮಗುವಿಗೆ ಶಾಲೆಯಲ್ಲಿ ಸೀಟು ಬೇಕಾದರೂ ಓಣಿಯವರೆಲ್ಲ ಹುಡುಕಿಕೊಂಡು ಬರುತ್ತಿದ್ದದ್ದು ಅವನನ್ನೇ. ಅವನ ಅರ್ಜಿಗಳಲ್ಲಿ ನೆಟ್ಟಗೆ ನಿಂತ ವಾಕ್ಯವೇ ಇರುತ್ತಿರಲಿಲ್ಲ. ಎಲ್ಲವೂ ಸೊಂಟ ಬಗ್ಗಿಸಿ ಕೈಕಟ್ಟಿಕೊಂಡವೇ. ಹೆಂಡತಿಯ ಕವರ್ ಲೆಟರನ್ನೂ ಹಾಗೇ ಬರೆದ. ಭಾನುವಾರ ಬೆಳಗ್ಗೆ ಊಟದ ಮೇಜಿನ ಮೇಲೆ ಹಾಳೆ ಹರಡಿ, ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಓದತೊಡಗಿದ.

“ತಮ್ಮ ಘನ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಹುದ್ದೆ ಖಾಲಿ ಇರುವುದನ್ನು ತಿಳಿದು ಈ ಮೂಲಕ ವಿನಮ್ರಳಾಗಿ ಬೇಡಿಕೊಳ್ಳುವುದೇನೆಂದರೆ, ಕೌಟುಂಬಿಕ ಕಾರಣಗಳಿಂದಾಗಿ ಕಳೆದ ಆರು ವರ್ಷಗಳಿಂದ ಮನೆಯಲ್ಲಿಯೇ ಇದ್ದು...”

“ಅಲ್ಲೇ ನಿಲ್ಲಿಸಿ,” ಅಂದಳು ಹೆಂಡತಿ.

“ಯಾಕೆ, ಇನ್ನೂ ಮುಂದೆ ಇದೆ.”

“ಮನೆಯಲ್ಲಿಯೇ ಇದ್ದು ಏನ್ ಮಾಡ್ತಿದ್ದೆ? ಅದನ್ನ ಬರೆದಿದೀರಾ?”

“ಅದನ್ನೆಲ್ಲ ಬರೆಯೋಕಾಗುತ್ತಾ? ಅದಕ್ಕೇ ಕೌಟುಂಬಿಕ ಕಾರಣ ಅಂತ ಹಾಕಿದೀನಿ. ಮರ್ಯಾದೆಯಾಗಿರುತ್ತೆ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕೋಪ ಅವಳಿಗೆ ಹೊಸದೇನಲ್ಲ. ಹಿಂದೆ ಕೆಲಸ ಮಾಡುತ್ತಿದ್ದ ವಾರ್ಡಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ, ಪಟಾಕಿ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಡಾಕ್ಟರು ಚಪ್ಪಲಿ ಹಾಕಿಕೊಂಡು ಒಳಗೆ ಬಂದರೆ ಡಾಕ್ಟರ ಮೇಲೇ ಸಿಡಿಯುತ್ತಿದ್ದಳು. ಆದರೆ ಕಳೆದ ಆರು ವರ್ಷ ಈ ಪಟಾಕಿ ಒಂದು ಸಲವೂ ಸಿಡಿದಿರಲಿಲ್ಲ. ಮನೆಯ ತೇವಕ್ಕೆ ನೆನೆದು ಹೋಗಿದೆ ಅಂತ ಗಂಡ ನಂಬಿದ್ದ. ಪಾಪ, ಒಣಗುವುದಕ್ಕೆ ಎಷ್ಟು ಹೊತ್ತು ಬೇಕು ಅಂತ ಅವನಿಗೆ ಗೊತ್ತಿರಲಿಲ್ಲ.

ಆಸ್ಪತ್ರೆಯ ಜಾಹೀರಾತು ಮೇಜಿನ ಮೇಲೇ ಇತ್ತು. ರೋಗಿಗಳ ಆರೈಕೆಯಲ್ಲಿ ಕಳೆದ ಐದು ವರ್ಷ ಸತತ ಅನುಭವ ಇರಬೇಕು, ಕವರ್ ಲೆಟರಿನಲ್ಲಿ ಅದರ ವಿವರ ಕೊಡಬೇಕು, ಹೌದೆಂದು ಹೇಳಬಲ್ಲ ಒಬ್ಬರ ಫೋನ್ ನಂಬರ್ ಬರೆಯಬೇಕು ಎಂದಿತ್ತು. ಇದಕ್ಕೆ ಮೊದಲು ಎರಡು ಆಸ್ಪತ್ರೆಗಳು ಅವಳನ್ನು ಬಾಗಿಲಿಂದಲೇ ಕಳಿಸಿದ್ದವು. “ಗ್ಯಾಪ್ ಜಾಸ್ತಿ ಆಯ್ತಲ್ಲ ಮೇಡಂ,” ಅಂದಿದ್ದರು ಎರಡೂ ಕಡೆ, ಹೇಳಿಕೊಟ್ಟ ಹಾಗೆ. ಊರಿನಲ್ಲಿ ಉಳಿದಿದ್ದು ಇದೊಂದೇ. ಇಲ್ಲೂ ಆಗುವುದಿಲ್ಲ ಅಂದರೆ ಅವಳು ಇನ್ನು ನರ್ಸ್ ಅಲ್ಲ, ಒಂದು ಕಾಲದಲ್ಲಿ ನರ್ಸ್ ಆಗಿದ್ದವಳು ಅಷ್ಟೆ.

ಆರು ವರ್ಷದ ಕಥೆ ಇಷ್ಟು. ಅತ್ತೆಗೆ ಲಕ್ವ ಹೊಡೆಯಿತು. ಬಲಭಾಗ ಪೂರ್ತಿ ಬಿದ್ದುಹೋಯಿತು, ಮಾತು ಹೋಯಿತು, ನುಂಗುವ ಶಕ್ತಿಯೂ ಹೋಯಿತು. ಆಸ್ಪತ್ರೆಯಿಂದ ಮನೆಗೆ ತಂದ ದಿನ ಗಂಡನ ಅಣ್ಣ ಬಂದು ಕಾಲ ಮೇಲೆ ಕಾಲು ಹಾಕಿಕೊಂಡು ಕೂತ. ಈ ಭಾವನದು ದೊಡ್ಡ ರಸ್ತೆಯಲ್ಲಿ ಟೈಲ್ಸ್ ಅಂಗಡಿ. ವರ್ತಕರ ಸಂಘಕ್ಕೆ ಅವನೇ ಅಧ್ಯಕ್ಷ. ಒಬ್ಬರೇ ಎದುರಿಗಿದ್ದರೂ ಸಭೆಯನ್ನು ಉದ್ದೇಶಿಸಿಯೇ ಮಾತು. ಅಮ್ಮ ಕಿರಿಮಗನ ಮನೆಯಲ್ಲಿರುವುದೇ ಸರಿ, ತನ್ನ ಮನೆಯಲ್ಲಿ ಮೆಟ್ಟಿಲು ಜಾಸ್ತಿ ಅಂದ. ಹಾಸಿಗೆಯಿಂದ ಏಳಲಾಗದವರಿಗೆ ಮೆಟ್ಟಿಲಿನಿಂದ ಆಗುವ ತೊಂದರೆ ಏನು ಅಂತ ಯಾರೂ ಕೇಳಲಿಲ್ಲ.

“ಮನೇಲೇ ನರ್ಸ್ ಇರುವಾಗ ಹೊರಗಿನವರು ಯಾಕಮ್ಮ?” ಅಂದಿದ್ದ ಅವಳ ಕಡೆ ತಿರುಗಿ. “ಒಂದಾರು ತಿಂಗಳು ರಜೆ ಹಾಕು. ಆಮೇಲೆ ನೋಡೋಣ.”

ಆ ‘ಆಮೇಲೆ’ ಬರಲೇ ಇಲ್ಲ. ರಜೆ ಹೋಗಿ ರಾಜೀನಾಮೆ ಆಯಿತು. ಹಜಾರದ ಪಕ್ಕದ ಕೋಣೆಯಿಂದ ಮಂಚ, ಬೀರು ಎಲ್ಲ ಹೊರಗೆ ಹೋಗಿ ಆಸ್ಪತ್ರೆ ಮಂಚ ಬಂತು, ಗುಂಯ್‌ಗುಡುವ ಮೋಟಾರಿನ ಗಾಳಿ ಹಾಸಿಗೆ ಬಂತು. ಎಡ ಮಗ್ಗುಲು, ಬೆನ್ನು, ಬಲ ಮಗ್ಗುಲು, ಮತ್ತೆ ಬೆನ್ನು. ತಲೆಯ ಕಡೆ ಎತ್ತರಿಸಿ ಕೊಳವೆಯಲ್ಲಿ ಆಹಾರ, ಆಮೇಲೆ ಮಲಗಿಸದೆ ಕಾಯುವುದು, ಬಾಯಿ ಒರೆಸುವುದು, ಮೂತ್ರದ ಚೀಲ ಖಾಲಿ ಮಾಡುವುದು. ಎರಡು ಗಂಟೆಗೊಂದು ಸಲ ಮಗ್ಗುಲು ಬದಲಿಸಬೇಕು ಎಂದರೆ ಸಿನಿಮಾ ಇಲ್ಲ, ಮದುವೆ ಇಲ್ಲ, ತವರು ಇಲ್ಲ. ಪಕ್ಕದೂರಿನಲ್ಲಿದ್ದ ಅವಳ ಸ್ವಂತ ತಂಗಿಯ ಹೆರಿಗೆಗೆ ಎರಡು ಮಗ್ಗುಲುಗಳ ನಡುವೆ ಹೋಗಿ, ಮಗುವಿನ ಮುಖ ನೋಡಿ, ಹೋದ ಬಸ್ಸಿನಲ್ಲೇ ವಾಪಸು ಬಂದಿದ್ದಳು.

ಹಾಗಂತ ಅತ್ತೆ ಸೊಸೆಯದು ತಾಯಿ ಮಗಳ ಪ್ರೀತಿ ಅಂದುಕೊಳ್ಳಬೇಡಿ. ಗಟ್ಟಿಯಾಗಿದ್ದ ಕಾಲದಲ್ಲಿ ಅತ್ತೆ ಸೊಸೆಯ ಕೈಯಿಂದ ನೀರಿನ ಲೋಟ ತೆಗೆದುಕೊಂಡರೆ ಬೆಳಕಿಗೆ ಹಿಡಿದು ನೋಡಿಯೇ ಕುಡಿಯುತ್ತಿದ್ದದ್ದು. ಬಿದ್ದ ಮೇಲೆ ಎಡಗೈಯಲ್ಲಿ ಉಳಿದಿದ್ದ ಅಷ್ಟಿಷ್ಟು ಶಕ್ತಿಯನ್ನು ಸೊಸೆಯ ತೋಳು ಚಿವುಟುವುದಕ್ಕೇ ಮೀಸಲಿಟ್ಟಿದ್ದರು. ಬಂದ ನೆಂಟರು “ಎಂಥಾ ಸೇವೆ, ನಿನಗೆ ಪುಣ್ಯ ಬರುತ್ತೆ” ಅಂದಾಗಲೆಲ್ಲ ಪಟಾಕಿ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಪುಣ್ಯಕ್ಕೆ ಮಾಡಿದವಳಲ್ಲ ಅವಳು, ಪ್ರೀತಿಗೂ ಅಲ್ಲ. ಕೆಲಸ ಗೊತ್ತಿತ್ತು. ಗೊತ್ತಿದ್ದ ಕೆಲಸವನ್ನು ಕೆಟ್ಟದಾಗಿ ಮಾಡುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ಅವಳ ಹೆಮ್ಮೆ ಒಂದೇ, ಅತ್ತೆಯ ಬೆನ್ನು. ಮಲಗಿದಲ್ಲೇ ಮಲಗಿದವರ ಚರ್ಮ ಸೊಂಟದ ಮೂಳೆಯ ಹತ್ತಿರ, ಹಿಮ್ಮಡಿಯ ಹತ್ತಿರ ಮೊದಲು ಕೆಂಪಾಗುತ್ತದೆ, ಆಮೇಲೆ ಒಡೆಯುತ್ತದೆ, ಆಮೇಲೆ ಕೊಳೆಯುತ್ತದೆ. ಮೂರು ಶಿಫ್ಟಿನ ನರ್ಸುಗಳಿರುವ ದೊಡ್ಡ ಆಸ್ಪತ್ರೆಗಳಲ್ಲೂ ಆಗುತ್ತದೆ. ಅತ್ತೆಗೆ ಆಗಲಿಲ್ಲ, ಕೊನೆಯ ದಿನದ ತನಕವೂ ಆಗಲಿಲ್ಲ. ಆದರೆ ಆ ಬೆನ್ನನ್ನು ನೋಡಿದವಳು ಅವಳೊಬ್ಬಳೇ. ಗಂಡ ಎತ್ತಿ ಹಿಡಿಯುವುದಕ್ಕೆ ಬರುತ್ತಿದ್ದ, ನಿಜ, ಆದರೆ ಮುಖ ಗೋಡೆಯ ಕಡೆ ತಿರುಗಿಸಿಕೊಂಡೇ ಹಿಡಿಯುತ್ತಿದ್ದ.

ಅತ್ತೆ ಹೋದ ಮೇಲೆ ವರ್ತಕರ ಸಂಘದ ಸಭಾಂಗಣದಲ್ಲಿ ಸಂತಾಪ ಸಭೆ ನಡೆಯಿತು. ಭಾವ ಮೈಕ್ ಹಿಡಿದ. ಕಣ್ಣು ಒರೆಸಿಕೊಂಡ. “ತಾಯಿಗೆ ನಾವು ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಆರು ವರ್ಷ, ಹಗಲೂ ರಾತ್ರಿ, ತರಬೇತಾದ ನರ್ಸನ್ನೇ ಮನೆಯಲ್ಲಿ ಇಟ್ಟಿದ್ದೆವು,” ಅಂದ. ಸಭೆಯಲ್ಲಿ ತಲೆಗಳು ತೂಗಿದವು. ಮಗ ಅಂದರೆ ಹೀಗಿರಬೇಕು ಅಂತ ಹಿಂದಿನ ಸಾಲಿನಲ್ಲಿ ಯಾರೋ ಅಂದರು. ಆ ತರಬೇತಾದ ನರ್ಸ್ ಅದೇ ಹೊತ್ತಿಗೆ ಬಾಗಿಲಲ್ಲಿ ಟೀ ಲೋಟಗಳ ತಟ್ಟೆ ಹಿಡಿದುಕೊಂಡು ನಿಂತಿದ್ದಳು. ಇಟ್ಟಿದ್ದೆವು ಅಂತೆ! ಮನೆಯಲ್ಲಿ ಫ್ರಿಜ್ ಇಟ್ಟ ಹಾಗೆ. ಬೆನ್ನ ಹಿಂದೆ ಓರಗಿತ್ತಿ ಮೆಲ್ಲಗೆ ತಿವಿದು, “ಟೀ ಆರ್ತಿದೆ, ಬೇಗ ಕೊಡು,” ಅಂದಳು. ಕೊಟ್ಟಳು. ಎಲ್ಲರಿಗೂ ಕೊಟ್ಟಳು. ಭಾವನಿಗೂ ಸಕ್ಕರೆ ಕಡಿಮೆ ಹಾಕಿದ ಲೋಟ ಹುಡುಕಿ ಕೊಟ್ಟಳು. ಅವತ್ತು ನುಂಗಿದ್ದು ಗಂಟಲಲ್ಲೇ ಕೂತಿತ್ತು, ಈಗ ಗಂಡನ ಈ ‘ಮನೆಯಲ್ಲಿಯೇ ಇದ್ದು’ ಅದನ್ನು ಎಬ್ಬಿಸಿತು.

“ಪೆನ್ ಕೊಡಿ ಇಲ್ಲಿ,” ಅಂದಳು.

ಗಂಡ ಕೊಟ್ಟ. ಅವಳು ಅವನ ಹಾಳೆಯನ್ನು ಮಗುಚಿ ಅದರ ಬೆನ್ನ ಮೇಲೇ ಬರೆದಳು. ತಡವರಿಸಲಿಲ್ಲ, ಒಂದೂ ಪದ ಹೊಡೆದುಹಾಕಲಿಲ್ಲ. ಶಿಫ್ಟ್ ಮುಗಿಸಿ ಮುಂದಿನವಳಿಗೆ ರೋಗಿಯನ್ನು ಒಪ್ಪಿಸುವಾಗ ಹೇಗೆ ಹೇಳುತ್ತಿದ್ದಳೋ ಹಾಗೆ ಬರೆದಳು.

“ಮೇಟ್ರನ್ ಅವರಿಗೆ,

ಸ್ಟಾಫ್ ನರ್ಸ್ ಹುದ್ದೆಗೆ ಅರ್ಜಿ ಹಾಕಿದ್ದೇನೆ. ಸರ್ಟಿಫಿಕೇಟುಗಳು ಜೊತೆಗಿವೆ. ನೀವು ಕೇಳಿದ ಅನುಭವದ ವಿವರ ಹೀಗಿದೆ.

ಕಳೆದ ಆರು ವರ್ಷ ಒಬ್ಬರೇ ರೋಗಿಯನ್ನು ನೋಡಿಕೊಂಡೆ. ವಯಸ್ಸಾದ ಹೆಂಗಸು, ಲಕ್ವ ಹೊಡೆದು ಬಲಭಾಗ ಸ್ವಾಧೀನದಲ್ಲಿರಲಿಲ್ಲ, ಮಾತಿರಲಿಲ್ಲ. ಆಹಾರ ಮೂಗಿನ ಕೊಳವೆಯಿಂದ. ಮೂತ್ರಕ್ಕೂ ಕೊಳವೆ. ಎರಡನ್ನೂ ಬದಲಿಸುತ್ತಿದ್ದವಳು ನಾನೇ. ಶಿಫ್ಟ್ ಹಗಲು ಮತ್ತು ರಾತ್ರಿ. ವಾರದ ರಜೆ ಇರಲಿಲ್ಲ. ಬದಲಿಗೆ ಬರುವವರು ಇರಲಿಲ್ಲ, ಆದ್ದರಿಂದ ಡ್ಯೂಟಿಯನ್ನು ಯಾರಿಗೂ ಒಪ್ಪಿಸಿದ್ದಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದೇನೆ. ಬೆನ್ನಿಗಾಗಲಿ ಸೊಂಟಕ್ಕಾಗಲಿ ಹಿಮ್ಮಡಿಗಾಗಲಿ ಒಂದೇ ಒಂದು ಹುಣ್ಣು ಆಗಲಿಲ್ಲ. ಕೆಲಸ ಬಿಟ್ಟ ಕಾರಣ, ರೋಗಿ ತೀರಿಕೊಂಡರು.

ರೋಗಿ ನನ್ನ ಅತ್ತೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಸೊಸೆ ನೋಡಿಕೊಂಡಳು ಎಂದು ನಾನು ಹೇಳಿದರೆ ಅದು ಅನುಭವವಲ್ಲ ಎನ್ನುತ್ತಾರೆ. ಆದ್ದರಿಂದ ರೋಗಿಯ ಹಿರಿಯ ಮಗನ ಮಾತನ್ನೇ ಕೊಡುತ್ತಿದ್ದೇನೆ. ಆರು ವರ್ಷ ಹಗಲೂ ರಾತ್ರಿ ತರಬೇತಾದ ನರ್ಸನ್ನು ಮನೆಯಲ್ಲಿ ಇಟ್ಟಿದ್ದೆವು ಎಂದು ಅವರು ವರ್ತಕರ ಸಂಘದ ಸಭೆಯಲ್ಲಿ ಮೈಕ್ ಹಿಡಿದು ಹೇಳಿದ್ದಾರೆ. ಆ ಮನೆಯಲ್ಲಿ ನನ್ನನ್ನು ಬಿಟ್ಟು ಬೇರೆ ನರ್ಸ್ ಇರಲಿಲ್ಲ. ಕೇಳಿ ತಿಳಿದುಕೊಳ್ಳಲು ಅವರ ಫೋನ್ ನಂಬರ್ ಕೆಳಗಿದೆ.

ಬೇಡಿಕೊಳ್ಳುತ್ತಿಲ್ಲ. ಕೆಲಸ ಬರುತ್ತದೆ, ಕೆಲಸ ಕೇಳುತ್ತಿದ್ದೇನೆ.”

ಗಂಡ ಓದಿದ. ಓದಿ ಮುಗಿಸುವಷ್ಟರಲ್ಲಿ ಅವನ ಮುಖದಲ್ಲಿ ರಕ್ತ ಇರಲಿಲ್ಲ.

“ಅಣ್ಣನ ನಂಬರ್ ಹಾಕ್ತೀಯಾ? ನಿನಗೇನು ತಲೆ ಕೆಟ್ಟಿದೆಯೇನೇ?”

“ನಿಮ್ಮಣ್ಣ ಮೈಕಲ್ಲಿ ಹೇಳಿದ್ದು ಸುಳ್ಳಾ?”

“ಸುಳ್ಳು ಅಂತಲ್ಲ...”

“ಹಾಗಾದ್ರೆ ನಿಜ. ನಿಜಾನ ಇನ್ನೊಂದು ಸಲ ಹೇಳೋಕೆ ಅವರಿಗೇನು ಕಷ್ಟ?”

“ಅವನಿಗೆ ಒಂದು ಮಾತಾದ್ರೂ ಮೊದಲು ಹೇಳ್ಬೇಕಲ್ವಾ?”

“ನನ್ನನ್ನ ಮನೇಲಿ ಇಟ್ಕೊಂಡ ನರ್ಸ್ ಮಾಡೋವಾಗ ನನಗೊಂದು ಮಾತು ಹೇಳಿದ್ರಾ?” ಅವಳ ದನಿ ಏರಿತು. “ನೀವು ಅವತ್ತು ಮೊದಲನೇ ಸಾಲಲ್ಲೇ ಕೂತಿದ್ರಿ. ತಲೆ ಬೇರೆ ತೂಗಿದ್ರಿ. ನಾನು ಬಾಗಿಲಿಂದ ನೋಡಿದೀನಿ.”

ಗಂಡ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಕೆಟ್ಟ ಮನುಷ್ಯನೇನಲ್ಲ ಅವನು. ಆದರೆ ಅಣ್ಣನ ಎದುರು ಬಾಯಿಗೆ ಬೀಗ ಹಾಕಿಕೊಂಡು ಬೆಳೆದವನು, ಬೀಗದ ಕೈ ಎಲ್ಲಿಟ್ಟಿದ್ದೇನೆ ಅನ್ನುವುದೂ ಅವನಿಗೆ ಮರೆತುಹೋಗಿತ್ತು. ಅವಳು ಬರೆದದ್ದನ್ನು ಹೊಸ ಹಾಳೆಗೆ ಇಳಿಸಿ, ಲಕೋಟೆಗೆ ಅಂಟು ಹಚ್ಚಿ, ತಾನೇ ಹೋಗಿ ಆಸ್ಪತ್ರೆಯ ಕೌಂಟರಿನಲ್ಲಿ ಕೊಟ್ಟು ಬಂದಳು.

ಸಂದರ್ಶನಕ್ಕೆ ಕರೆ ಬಂದಾಗ ಅವಳಿಗೇ ಆಶ್ಚರ್ಯ. ಹಳೆಯ ಬಿಳಿ ಶೂ ಹುಡುಕಿ ತೆಗೆದು ಉಜ್ಜಿ ಉಜ್ಜಿ ತೊಳೆದಳು. ಆಸ್ಪತ್ರೆಯ ಎರಡನೇ ಮಹಡಿಯ ಆ ಕೋಣೆಯಲ್ಲಿ ಫೈಲುಗಳ ಕಪಾಟು, ಮೂಲೆಯಲ್ಲಿ ಕೆಟ್ಟುಹೋದ ಗಾಲಿಕುರ್ಚಿ, ಮೇಜಿನ ಆಚೆ ಇಬ್ಬರು. ಒಬ್ಬ ಟೈ ಕಟ್ಟಿದ ನೇಮಕಾತಿ ಅಧಿಕಾರಿ, ಇನ್ನೂ ಚಿಕ್ಕ ವಯಸ್ಸು. ಇನ್ನೊಬ್ಬರು ಮೇಟ್ರನ್. ದಪ್ಪ ಮೈ, ಕತ್ತಿಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ, ನಿವೃತ್ತಿಗೆ ಹತ್ತಿರವಾದವರ ಅವಸರವಿಲ್ಲದ ನೋಟ. ಅವಳ ಪತ್ರ ಅವರ ಮುಂದಿತ್ತು.

ಅಧಿಕಾರಿಯೇ ಮೊದಲು ಬಾಯಿ ತೆರೆದ. “ನೋಡಿ ಮೇಡಂ, ಬೇಜಾರ್ ಮಾಡ್ಕೋಬೇಡಿ. ಅತ್ತೇನ ಸೊಸೆ ನೋಡ್ಕೊಳ್ಳೋದು ಎಲ್ಲಾ ಮನೇಲೂ ಇರೋದೇ. ಅದನ್ನ ಅನುಭವ ಅಂತ ಹೇಗೆ ತಗೊಳ್ಳೋದು? ನಮ್ಮಮ್ಮಾನೂ ನಮ್ಮಜ್ಜೀನ ನೋಡ್ಕೊಂಡಿದ್ರು.”

“ನಿಮ್ಮಜ್ಜಿಗೆ ಮೂಗಲ್ಲಿ ಕೊಳವೆ ಇತ್ತಾ?”

“ಇತ್ತು, ಕೊನೇಲಿ.”

“ಅದನ್ನ ಯಾರು ಹಾಕ್ತಿದ್ರು?”

“ಅದಕ್ಕೆ ನರ್ಸ್ ಬರ್ತಿದ್ರು.”

“ಅವರಿಗೆ ಅದು ಅನುಭವ, ನನಗೆ ಅದು ಸಂಸಾರ. ಅಲ್ವಾ?”

ಅಧಿಕಾರಿ ಟೈ ಸರಿಮಾಡಿಕೊಂಡ. ಮೇಟ್ರನ್ ನಗಲಿಲ್ಲ, ಗದರಲೂ ಇಲ್ಲ. ಪತ್ರದ ಕೊನೆಯ ಸಾಲಿನ ಕೆಳಗಿದ್ದ ನಂಬರನ್ನು ಬೆರಳಿಂದ ಹಿಡಿದು, ಮೇಜಿನ ಫೋನಿನಲ್ಲಿ ಒತ್ತಿ, ಸ್ಪೀಕರ್ ಹಾಕಿದರು. ಅವಳ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟರು.

ಭಾವ ಎತ್ತಿದ. ಹಿಂದೆ ಕಪ್ಪು ಬಸಿಗಳ ಸದ್ದು, ನಾಲ್ಕಾರು ಗಂಡಸರ ಮಾತು ಕೇಳಿಸುತ್ತಿತ್ತು. ಸಂಘದ ಕಚೇರಿಯಲ್ಲೇ ಇದ್ದಾನೆ ಅಂತ ಅವಳಿಗೆ ಗೊತ್ತಾಯಿತು.

“ಆಸ್ಪತ್ರೆಯಿಂದ ಮಾತಾಡ್ತಿದೀನಿ,” ಅಂದರು ಮೇಟ್ರನ್. “ನಿಮ್ಮ ತಾಯಿಯವರಿಗೆ ಮನೇಲಿ ನರ್ಸ್ ಇಟ್ಟಿದ್ರಂತೆ. ಅವರು ನಮ್ಮಲ್ಲಿ ಕೆಲಸ ಕೇಳಿದಾರೆ. ಎರಡು ಮಾತು ಕೇಳ್ಬಹುದಾ?”

ಭಾವನ ದನಿ ಎದ್ದು ನಿಂತಿತು, ಸಂಘದ ಕಚೇರಿಯಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ. “ಓಹೋ, ಕೇಳಿ ಕೇಳಿ ಮೇಡಂ. ಇಟ್ಟಿದ್ವಿ. ಆರು ವರ್ಷ ಇಟ್ಟಿದ್ವಿ. ತಾಯಿ ವಿಷಯದಲ್ಲಿ ನಾವು ಹಿಂದೆ ಮುಂದೆ ನೋಡಿದವರೇ ಅಲ್ಲ.”

“ಕೆಲಸ ಹೇಗೆ ಮಾಡ್ತಿದ್ರು?”

“ಚೆನ್ನಾಗೇ ಮಾಡ್ತಿದ್ಳು. ನಂಬಿಕಸ್ಥೆ.”

“ರಜೆ ಎಷ್ಟು ಕೊಡ್ತಿದ್ರಿ?”

“ರಜೆನಾ... ಅವಳೇ ಕೇಳ್ತಿರಲಿಲ್ಲ ಮೇಡಂ.”

ಪಟಾಕಿ ಕುರ್ಚಿಯ ಕೈ ಹಿಡಿದುಕೊಂಡಳು. ಕೇಳಿದ್ದಳು. ತಂಗಿಯ ಹೆರಿಗೆಗೆ ಒಂದು ವಾರ ಕೇಳಿದ್ದಳು. “ನೋಡೋಣಮ್ಮ,” ಅಂದಿದ್ದ ಇದೇ ಬಾಯಿ.

“ನಿಮ್ಮ ತಾಯಿಗೆ ಬೆನ್ನುಹುಣ್ಣು ಏನಾದ್ರೂ ಆಗಿತ್ತಾ?” ಕೇಳಿದರು ಮೇಟ್ರನ್.

“ಹುಣ್ಣಾ? ಆಗಿತ್ತು ಅನ್ಸುತ್ತೆ. ಅಷ್ಟು ವರ್ಷ ಮಲಗಿದ್ರೆ ಆಗ್ದೆ ಇರುತ್ತಾ? ಸ್ವಲ್ಪ ಇತ್ತೇನೋ. ಅದೆಲ್ಲ ಸಹಜ ಅಲ್ವಾ ಮೇಡಂ?”

ಇಟ್ಟಿದ್ದೆವು ಅಂದದ್ದನ್ನು ನುಂಗಬಹುದು, ರಜೆ ಕೇಳಲಿಲ್ಲ ಅಂದದ್ದನ್ನೂ ನುಂಗಬಹುದು. ಆದರೆ ಇದು? ಅವಳ ಆರು ವರ್ಷದ ದುಡಿಮೆಯಲ್ಲಿ ತೋರಿಸಿಕೊಳ್ಳುವುದಕ್ಕೆ ಇದ್ದದ್ದೇ ಅದೊಂದು. ಅದನ್ನು ಈ ಮನುಷ್ಯ ಟೀ ಹೀರುತ್ತ, ಸ್ವಲ್ಪ ಇತ್ತೇನೋ ಅಂತ ಗಾಳಿಗೆ ತೂರಿಬಿಟ್ಟ! ಅಧಿಕಾರಿ ಏನೋ ಬರೆದುಕೊಂಡ. ಅವಳು ಎದ್ದೇಬಿಟ್ಟಳು, ಬಾಯಿಯನ್ನೂ ತೆರೆದಳು. ಮೇಟ್ರನ್ ಅಂಗೈ ಎತ್ತಿ ತಡೆದರು.

“ಎಲ್ಲಿ ಆಗಿತ್ತು?”

“ಎಲ್ಲಿ ಅಂದ್ರೆ... ಬೆನ್ನಲ್ಲೇ ಅಲ್ವಾ?”

“ನೀವು ನೋಡಿದ್ರಾ?”

“ನಾನು ಹೇಗೆ ನೋಡ್ಲಿ ಮೇಡಂ, ಹೆಂಗಸರ ವಿಷಯ. ಹೋದಾಗ ಬಾಗಿಲಲ್ಲೇ ನಿಂತು ವಿಚಾರಿಸ್ಕೊಂಡು ಬರ್ತಿದ್ದೆ. ಅಂಗಡಿ ನೋಡಿ, ಪುರುಸೊತ್ತೇ ಇರಲ್ಲ.”

“ಸರಿ. ಇನ್ನೇನಾದ್ರೂ ಹೇಳೋದಿದೆಯಾ?”

“ಧೈರ್ಯವಾಗಿ ತಗೊಳ್ಳಿ,” ಅಂದ ಭಾವ ಧಾರಾಳವಾಗಿ. “ಒಳ್ಳೇ ಹೆಣ್ಮಗಳು. ಕೆಲಸದವಳು ಅಂತ ನಾವು ಯಾವತ್ತೂ ಬೇರೆ ಮಾಡಿದವರಲ್ಲ. ಮನೆಯವಳ ಥರಾನೇ ನೋಡ್ಕೊಂಡ್ವಿ.”

ಹಿಂದೆ ಯಾರೋ, “ದೊಡ್ಡ ಮನಸ್ಸು ನಿಮ್ಮದು,” ಅಂದದ್ದೂ ಸ್ಪೀಕರಿನಲ್ಲಿ ಸ್ಪಷ್ಟವಾಗಿ ಬಂತು. ಮೇಟ್ರನ್ ಫೋನ್ ಇಟ್ಟರು. ಮನೆಯವಳ ಥರ. ಆ ಮನೆಗೆ ಮದುವೆಯಾಗಿ ಬಂದವಳು ಕುರ್ಚಿಯ ಪಕ್ಕ ನಿಂತೇ ಇದ್ದಳು. ಅಳು ಬರಲಿಲ್ಲ ಅವಳಿಗೆ. ಪಿತ್ತ ನೆತ್ತಿಗೇರಿ ಕಿವಿಯೊಳಗೆ ಗುಂಯ್ ಅನ್ನುತ್ತಿತ್ತು, ಅತ್ತೆಯ ಗಾಳಿ ಹಾಸಿಗೆಯ ಮೋಟಾರಿನ ಹಾಗೆ.

“ಹುಣ್ಣು ಇತ್ತು ಅಂತಾರಲ್ಲ,” ಅಂದ ಅಧಿಕಾರಿ. “ಪತ್ರದಲ್ಲಿ ಇರಲಿಲ್ಲ ಅಂತಿದೆ.”

“ಇರಲಿಲ್ಲ.”

“ನಾನು ಯಾರ ಮಾತು ನಂಬಲಿ?” ಅಂದರು ಮೇಟ್ರನ್. ಕೆಣಕುವ ಹಾಗಲ್ಲ, ನಿಜವಾಗಿ ಕೇಳಿದ ಹಾಗೆ.

“ಯಾರ ಮಾತೂ ನಂಬಬೇಡಿ. ಅವರ ಮಾತೂ ಬೇಡ, ನನ್ನ ಮಾತೂ ಬೇಡ. ನಿಮ್ಮ ವಾರ್ಡಲ್ಲಿ ಮಲಗಿದಲ್ಲೇ ಇರೋ ಪೇಷಂಟ್ ಒಬ್ಬರಾದ್ರೂ ಇರ್ತಾರಲ್ಲ. ನನ್ನ ಕೈಗೆ ಕೊಟ್ಟು ನೋಡಿ.”

ಅಧಿಕಾರಿ ಅದಕ್ಕೆಲ್ಲ ನಿಯಮ ಇದೆ ಅನ್ನುತ್ತಿದ್ದ. ಮೇಟ್ರನ್ ಆಗಲೇ ಎದ್ದಿದ್ದರು.

ಕೆಳಗಿನ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಮಂಚದಲ್ಲಿ ಒಬ್ಬರು ಮುದುಕರಿದ್ದರು. ಭಾರೀ ಮೈ, ಕಣ್ಣು ತೆರೆದಿದ್ದರೂ ಮಾತಿಲ್ಲ. ಪಟಾಕಿ ಮೊದಲು ಕೈ ತೊಳೆದಳು. ಪರದೆ ಎಳೆದಳು. “ಅಪ್ಪಾ, ಎಡಗಡೆ ತಿರುಗಿಸ್ತೀನಿ, ಹೆದರ್ಕೋಬೇಡಿ,” ಅಂದಳು ಕಿವಿಯ ಹತ್ತಿರ ಬಗ್ಗಿ. ಮಂಡಿ ಮಡಿಸಿದಳು, ಕೆಳಗಿನ ಬಟ್ಟೆಯನ್ನು ಸುರುಳಿ ಸುತ್ತಿ ಹಿಡಿದಳು, ತನ್ನ ಮೈಭಾರವನ್ನು ಹಿಂದಕ್ಕೆ ಹಾಕಿದಳು. ಆ ದೊಡ್ಡ ಮೈ ಗದ್ದಲವಿಲ್ಲದೆ ಮಗ್ಗುಲಾಯಿತು. ಕೈ ತನ್ನಷ್ಟಕ್ಕೆ ಹಿಮ್ಮಡಿಯ ಕೆಳಗೆ ಹೋಯಿತು, ಆಮೇಲೆ ಸೊಂಟದ ಕೆಳಗೆ. ಅಲ್ಲಿ ನಿಂತಿತು. ಸೊಂಟದ ಮೂಳೆಯ ಮೇಲೆ ಚರ್ಮ ಕೆಂಪಾಗಿತ್ತು. ಬೆರಳಿಂದ ಒತ್ತಿ ಬಿಟ್ಟಳು. ಕೆಂಪು ಹೋಗಲಿಲ್ಲ.

“ಇವರನ್ನ ಯಾವಾಗ ತಿರುಗಿಸಿದ್ದು?” ಅಂದಳು. ತಾನು ಕೆಲಸ ಕೇಳಲು ಬಂದವಳು ಅನ್ನುವುದೇ ಮರೆತುಹೋಗಿತ್ತು. “ಬೆಳಗ್ಗೆಯಿಂದ ಹೀಗೇ ಬಿಟ್ಟಿದೀರಾ? ಇನ್ನೊಂದು ದಿನ ಬಿಟ್ಟಿದ್ರೆ ಒಡೆದೇ ಹೋಗ್ತಿತ್ತು!”

ಪರದೆಯ ಸಂದಿಯಿಂದ ಡ್ಯೂಟಿಯಲ್ಲಿದ್ದ ನರ್ಸ್ ಇಣುಕಿದಳು. ಹುಡುಗಿಯ ಮುಖ ಬೆವರಿನಲ್ಲಿ ಮಿಂದಿತ್ತು. “ಇಡೀ ವಾರ್ಡಿಗೆ ನಾನೊಬ್ಬಳೇ ಇದೀನಿ ಅಕ್ಕ,” ಅಂದಳು, ಗುರುತಿಲ್ಲದ ಹೆಂಗಸಿಗೆ ಯಾಕೆ ಸಮಜಾಯಿಷಿ ಕೊಡುತ್ತಿದ್ದೇನೆ ಅಂತಲೂ ತಿಳಿಯದೆ. ಒಬ್ಬಳೇ ಇರುವುದು ಅಂದರೆ ಏನು ಅಂತ ಪಟಾಕಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. “ದಿಂಬು ಕೊಡಮ್ಮ,” ಅಂದಳು. ಮುದುಕರ ಮಂಡಿಗಳ ನಡುವೆ ಒಂದು ದಿಂಬಿಟ್ಟಳು, ಬೆನ್ನಿಗೆ ಒಂದು ಒತ್ತು ಕೊಟ್ಟಳು.

ಮೇಟ್ರನ್ ಆ ಕೆಂಪನ್ನು ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು. ಅವರ ಮುಖವೂ ಕೆಂಪಾಗಿತ್ತು, ಕೋಪಕ್ಕೋ ನಾಚಿಕೆಗೋ ಹೇಳುವುದು ಕಷ್ಟ.

“ಸೋಮವಾರದಿಂದ ಬನ್ನಿ,” ಅಂದರು. “ಬೆಳಗಿನ ಶಿಫ್ಟ್. ವಾರಕ್ಕೊಂದು ರಜೆ ಇದೆ. ಕೇಳೋವರೆಗೂ ನಾನು ಕಾಯಲ್ಲ, ತಗೊಳ್ಳಲೇಬೇಕು.”

ಅವಳು ತಲೆಯಾಡಿಸಿದಳು.

ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತಿರುವಾಗ ಫೋನ್ ಬಂತು. ಭಾವ.

“ಏನಮ್ಮ, ಆಸ್ಪತ್ರೆಯಿಂದ ನನಗೆ ಫೋನ್ ಮಾಡಿದ್ರು,” ಅಂದ. ದನಿಯಲ್ಲಿ ಉಪಕಾರ ತುಂಬಿ ತುಳುಕುತ್ತಿತ್ತು. “ನಿನ್ನ ಗಂಡ ಮೊದಲೇ ಹೇಳಿದ್ದ, ಫೋನ್ ಬಂದ್ರೆ ಒಂದು ಒಳ್ಳೇ ಮಾತು ಹೇಳಣ್ಣ ಅಂತ. ಚೆನ್ನಾಗೇ ಹೇಳಿದೀನಿ. ಕೆಲಸ ಸಿಕ್ಕಿದ ಹಾಗೇ ಅಂದ್ಕೋ. ಹೀಗೆಲ್ಲ ಕದ್ದುಮುಚ್ಚಿ ನಂಬರ್ ಕೊಡೋ ಬದಲು ನನಗೇ ನೇರವಾಗಿ ಹೇಳಿದ್ರೆ ಆಗ್ತಿರಲಿಲ್ವಾ? ನಾವೇನು ಹೊರಗಿನವರಾ?”

ಗಂಡ ಅವಳ ಬೆನ್ನ ಹಿಂದೆ ಹೋಗಿ ಅಣ್ಣನ ಮುಂದೆ ಕೈಕಟ್ಟಿಕೊಂಡು ಬಂದಿದ್ದ. ಅದರ ವಿಚಾರಣೆ ಮನೆಗೆ ಹೋದ ಮೇಲೆ ನಡೆಯಲಿತ್ತು. ಈಗ ಭಾವನಿಗೆ ಹೇಳಲು ಆರು ವರ್ಷದ ಮಾತು ಅವಳ ನಾಲಿಗೆಯ ತುದಿಗೆ ಬಂದು ಸಾಲುಗಟ್ಟಿ ನಿಂತಿತ್ತು. ಮೆಟ್ಟಿಲು, ಟೀ ಲೋಟ, ತಂಗಿಯ ಮಗು, ಸ್ವಲ್ಪ ಇತ್ತೇನೋ. ಬೈಯಲು ಶುರುಮಾಡಿದರೆ ಸಂಜೆಯಾದರೂ ಮುಗಿಯುತ್ತಿರಲಿಲ್ಲ.

“ಭಾವ, ನಾನು ಅಲ್ಲೇ ಕೂತಿದ್ದೆ,” ಅಂದಳು. “ಸ್ಪೀಕರ್ ಹಾಕಿದ್ರು.”

ಅವಳು ಕೊನೆಯ ಮೆಟ್ಟಿಲು ಇಳಿದಳು.

“ನಿಮ್ಮಮ್ಮನಿಗೆ ಒಂದೂ ಹುಣ್ಣು ಆಗಿರಲಿಲ್ಲ. ಇನ್ಯಾರಾದ್ರೂ ಕೇಳಿದ್ರೆ ಹೇಳೋಕೆ, ನಿಮಗೂ ಗೊತ್ತಿರಲಿ.”